ನಲವತ್ತು ದಿನದ ಕ್ಯಾಪ್ಟನ್

ಮಕ್ಕಳು ಚಿಕ್ಕವರಿದ್ದಾಗ ಅಪ್ಪಂದಿರಿಗೆ ಬೇಕಾದಷ್ಟು ಪಾತ್ರಗಳಿರುತ್ತವೆ. ಆನೆ, ಕುದುರೆ, ಕಳ್ಳ, ಪೊಲೀಸು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗೋಡೆಗೆ ಹೋಗಿ ಗುದ್ದಿಕೊಳ್ಳುವ ಪೆದ್ದ. ಅವರು ಹೈಸ್ಕೂಲು ಸೇರಿದ ಮೇಲೆ ಇವೆಲ್ಲ ಒಂದೊಂದಾಗಿ ಕೈಬಿಟ್ಟುಹೋಗಿ ಫೀಸು ಕಟ್ಟುವವನ ಪಾತ್ರವೊಂದೇ ಉಳಿಯುತ್ತದೆ. ನಾನೂ ಹಾಗೇ ಅಂದುಕೊಂಡು ನಿಶ್ಚಿಂತೆಯಿಂದಿದ್ದೆ. ಆದರೆ ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಮಂಡಿನೋವು ಕಾಣಿಸಿಕೊಂಡ ಮೇಲೆ, ಮಗಳು ನನ್ನನ್ನು ಮತ್ತೆ ಆಟಕ್ಕೆ ಕರೆದಳು. ಈ ಸಲ ಆನೆಯಲ್ಲ, ವಿಮಾನದ ಕ್ಯಾಪ್ಟನ್. ನಲವತ್ತು ದಿನ ನಾನು ಆ ಹುದ್ದೆಯಲ್ಲಿದ್ದೆ. ಅದಕ್ಕೂ ಮೊದಲು ನಾನು ವಿಮಾನದಲ್ಲಿ ಕೂತದ್ದು ಒಂದೇ ಸಲ, ಮದುರೆಯಿಂದ ಚೆನ್ನೈಗೆ, ಅದೂ ಕಣ್ಣು ಮುಚ್ಚಿಕೊಂಡು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ತಮಿಳುನಾಡಿನ ಬೋಡಿನಾಯಕನೂರು, ಏಲಕ್ಕಿ ವ್ಯಾಪಾರ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ನಾವಾಡುವ ಮಾತಿಗೆ ಅಕ್ಷರವೂ ಉಂಟು ಎಂದು ನನಗೆ ಗೊತ್ತಾದದ್ದೇ ಹಾವೇರಿಗೆ ಹೋದ ಮೇಲೆ. ಅಲ್ಲಿ ಏಲಕ್ಕಿ ಹಾರ ಕಟ್ಟುವವರಿಗೆ ಕಾಯಿ ಒದಗಿಸಲು ಹನ್ನೆರಡು ವರ್ಷ ಅಂಗಡಿ ಇಟ್ಟಿದ್ದೆ. ಬಸ್ಸಿನ ಬೋರ್ಡು, ಗೋಡೆ ಬರಹ, ಲಗ್ನಪತ್ರಿಕೆ ಓದಿ ಓದಿ ಅಕ್ಷರ ಕಲಿತೆ. ಅಲ್ಲಿನವರು ನನ್ನ ಮಾತು ಕೇಳಿ ಇದು ಯಾವ ಸೀಮೆಯ ಕನ್ನಡ ಎಂದು ನಗುತ್ತಿದ್ದರು. ಊರಿಗೆ ಮರಳಿದರೆ ಅಣ್ಣ ನನ್ನ ಹಾವೇರಿ ಕನ್ನಡ ಕೇಳಿ, "ನೀ ಎಂತಾ ಊರೋನಪ್ಪಾ?" ಎನ್ನುತ್ತಾರೆ. ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಮ್ಮ ಮನೆಯ ಯಜಮಾನರು. ಬೋಡಿಮೆಟ್ಟು ಘಟ್ಟದ ಮೇಲಿರುವ ನಮ್ಮ ಏಲಕ್ಕಿ ತೋಟವನ್ನು ನೋಡಿಕೊಳ್ಳುವವರು ಅವರೇ. ಅವರು ಹೇಳಿದ ಮೇಲೆ ನಮ್ಮಲ್ಲಿ ಇನ್ನೊಂದು ಮಾತಿಲ್ಲ, ಇರಲೂ ಕೂಡದು.

ನನ್ನ ಮಗಳು ಶರಣ್ಯಾ. ಏಲಕ್ಕಿಯ ವಾಸನೆಯಲ್ಲಿ ಹುಟ್ಟಿ ಬೆಳೆದ ಈ ಹುಡುಗಿಗೆ ಹಾರಬೇಕೆಂಬ ಆಸೆ ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಹಟ ಹಿಡಿದು ಓದಿದಳು, ಹಾರುವ ಲೈಸೆನ್ಸು ಪಡೆದಳು, ಎರಡು ವರ್ಷ ಕಾದ ಮೇಲೆ ಒಂದು ವಿಮಾನ ಕಂಪನಿಯಲ್ಲಿ ಆಯ್ಕೆಯೂ ಆದಳು. ಕೆಲಸ ಸಿಕ್ಕಿತು ಅಂದರೆ ಮಾರನೆಯ ದಿನ ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಮೊದಲು ತಿಂಗಳುಗಟ್ಟಲೆ ತರಬೇತಿಯಂತೆ. ಕೆಲವು ವಾರ ಪಾಠ, ಆಮೇಲೆ ಸಿಮ್ಯುಲೇಟರ್ ಎಂಬ ಸುಳ್ಳು ವಿಮಾನ. ಆ ತರಬೇತಿಗೆ ಬರುವ ಮುಂಚೆಯೇ ಇಷ್ಟಿಷ್ಟು ಕಲಿತುಕೊಂಡು ಬನ್ನಿ ಎಂದು ಒಂದು ಪಟ್ಟಿ ಬಂತು. ಮದುವೆ ಮನೆಯ ಸಾಮಾನಿನ ಪಟ್ಟಿ ಅದರ ಮುಂದೆ ಏನೂ ಅಲ್ಲ. ಯಾವ ವೇಗದಲ್ಲಿ ಏನು ಮಾಡಬಹುದು, ಏನು ಮಾಡಬಾರದು, ಎಂಜಿನ್ನಿಗೆ ಬೆಂಕಿ ಬಿದ್ದರೆ ಪುಸ್ತಕ ನೋಡದೆ ಯಾವ ಯಾವ ಕೆಲಸ ಬಾಯಿಪಾಠ ಬರಬೇಕು, ಯಾವ ಗುಂಡಿ ಆದ ಮೇಲೆ ಕೈ ಯಾವ ಗುಂಡಿಗೆ ಹೋಗಬೇಕು, ಇಬ್ಬರು ಪೈಲಟ್‌ಗಳಲ್ಲಿ ಯಾರು ಯಾವಾಗ ಯಾವ ಮಾತು ಆಡಬೇಕು.

ಇದೆಲ್ಲ ಶರಣ್ಯಾಗೆ ನೀರು ಕುಡಿದಷ್ಟು ಸುಲಭ. ತೊಡಕು ಬೇರೆಯೇ ಇತ್ತು. ಆಯ್ಕೆಯ ದಿನ ಅವಳನ್ನು ಪರೀಕ್ಷೆ ಮಾಡಿದ ಹಿರಿಯ ಪೈಲಟ್ ತಾವೇ ಕ್ಯಾಪ್ಟನ್ ಆಗಿ ಪಕ್ಕದಲ್ಲಿ ಕೂತಿದ್ದರಂತೆ. ಇಳಿಯುವಾಗ ಬೇಕೆಂದೇ ವೇಗ ಜಾಸ್ತಿ ಇಟ್ಟರಂತೆ. ಇವಳು ನೋಡಿದಳು, ಸುಮ್ಮನಿದ್ದಳು. ಎಲ್ಲ ಮುಗಿದ ಮೇಲೆ ಅವರು, ವೇಗ ಹೆಚ್ಚಾದದ್ದು ನೋಡಲಿಲ್ಲವಾ ಎಂದರು. ನೋಡಿದೆ ಸರ್ ಎಂದಳು. ಮತ್ತೆ ಯಾಕೆ ಹೇಳಲಿಲ್ಲ? "ನೀವು ದೊಡ್ಡವರು ಸರ್" ಎಂದಳಂತೆ ನನ್ನ ಮಗಳು. ಅವರು ತಲೆ ಚಚ್ಚಿಕೊಂಡರೋ ನಕ್ಕರೋ ಗೊತ್ತಿಲ್ಲ, ಆಯ್ಕೆಯನ್ನಂತೂ ಮಾಡಿದರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ವಿಮಾನವನ್ನು ಚೆನ್ನಾಗಿ ಓಡಿಸುತ್ತೀ. ಆದರೆ ಕ್ಯಾಪ್ಟನ್ ತಪ್ಪು ಮಾಡಿದಾಗ ಬಾಯಿ ಬಿಡದವಳಿಗೆ ಆ ಸೀಟಿನಲ್ಲಿ ಜಾಗವಿಲ್ಲ. ತರಬೇತಿಯಲ್ಲಿ ಇನ್ನೊಮ್ಮೆ ಹೀಗಾದರೆ ವಾಪಸ್ ಮನೆಗೆ.

ಈಗ ಹೇಳಿ, ಇದು ಅವಳ ತಪ್ಪೇ? ನಮ್ಮ ಮನೆಯಲ್ಲಿ ದೊಡ್ಡವರು ತಪ್ಪು ಮಾಡುವುದಿಲ್ಲ. ಮಾಡಿದರೆ ಅದು ತಪ್ಪಲ್ಲ. ಚಿಕ್ಕವರು ಹೂಂ ಎನ್ನಬೇಕು, ದೊಡ್ಡವರು ಆ ಕಡೆ ಹೋದ ಮೇಲೆ ಸದ್ದಿಲ್ಲದೆ ಸರಿಮಾಡಬೇಕು. ನಮ್ಮಪ್ಪ ಈ ಮನೆ ಕಟ್ಟಿಸುವಾಗ ಮಹಡಿ ಮೆಟ್ಟಿಲನ್ನು ಇಲ್ಲಿಂದ ಎತ್ತು ಎಂದು ಮೇಸ್ತ್ರಿಗೆ ಕೋಲಿನಲ್ಲಿ ಗೀಟು ಎಳೆದು ತೋರಿಸಿದರು. ಅಲ್ಲಿಂದ ಎತ್ತಿದರೆ ಒಂಬತ್ತನೆಯ ಮೆಟ್ಟಿಲಿಗೆ ತಲೆ ತೊಲೆಗೆ ಬಡಿಯುತ್ತದೆ ಎಂದು ಮೇಸ್ತ್ರಿಗೆ ಗೊತ್ತಿತ್ತು, ನಮ್ಮಮ್ಮನಿಗೆ ಗೊತ್ತಿತ್ತು, ಎಂಟು ವರ್ಷದ ನನಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಮೆಟ್ಟಿಲು ಎದ್ದಿತು. ಇವತ್ತಿಗೂ ನಮ್ಮ ಮನೆಯವರೆಲ್ಲ ಒಂಬತ್ತನೆಯ ಮೆಟ್ಟಿಲಲ್ಲಿ ನಮಸ್ಕಾರ ಮಾಡಿದ ಹಾಗೆ ಬಗ್ಗುತ್ತಾರೆ. ನಮ್ಮಪ್ಪನೂ ಸಾಯುವ ತನಕ ಬಗ್ಗಿದರು. ಒಂದು ದಿನವೂ ಒಂದು ಮಾತೂ ಆಡಲಿಲ್ಲ.

ತರಬೇತಿಗೆ ಹೊರಡಲು ನಲವತ್ತು ದಿನ ಇತ್ತು. ಶರಣ್ಯಾ ವಿಮಾನದ ಮುಂಭಾಗದ ಗುಂಡಿ, ಗಡಿಯಾರಗಳೆಲ್ಲ ಇರುವ ಆಳೆತ್ತರದ ಚಿತ್ರವನ್ನು ತೇನಿಯಲ್ಲಿ ಅಚ್ಚು ಹಾಕಿಸಿಕೊಂಡು ಬಂದು ಹಾಲಿನ ಗೋಡೆಗೆ ಅಂಟಿಸಿದಳು. ಅದರ ಎದುರು ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಎಂಜಿನ್ನಿನ ಹಿಡಿಕೆ ಎಂದು ಎರಡು ಸೌಟು. "ಅಪ್ಪಾ, ನೀವು ಎಡಗಡೆ ಕೂರ್ರಿ. ನೀವೇ ಕ್ಯಾಪ್ಟನ್. ದಿನಕ್ಕೊಂದು ತಪ್ಪು ಮಾಡ್ಬೇಕು. ನಾ ಅದ ಕಂಡುಹಿಡಿದು ಹೇಳ್ಬೇಕು. ಅಷ್ಟೇ" ಎಂದಳು. ದಿನಕ್ಕೆ ಒಂದೇ ತಪ್ಪು ಮಾಡಿದರೆ ಸಾಕು ಎಂದು ನನಗೆ ಈ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಖುಷಿಯಿಂದ ಒಪ್ಪಿಕೊಂಡೆ.

ಮೊದಲ ನಾಲ್ಕು ದಿನ ಯಾವ ತಪ್ಪು ಮಾಡಲಿ ಎಂದು ಬೆಳಿಗ್ಗೆಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಆಮೇಲೆ ಅದರ ಅಗತ್ಯ ಬೀಳಲಿಲ್ಲ. ನನ್ನ ಪಾಡಿಗೆ ಬಿಟ್ಟರೆ ಸಾಕು, ವಿಮಾನ ತಾನಾಗಿ ಅಪಾಯಕ್ಕೆ ಸಿಗುತ್ತಿತ್ತು. ಚಕ್ರ ಎತ್ತುವುದು ಮರೆತು ಕೊಚ್ಚಿಯವರೆಗೆ ಹೋದೆ. ಅದನ್ನು ನೆನಪಿಟ್ಟುಕೊಂಡು ಮರುದಿನ ಎತ್ತಿದೆ, ಆದರೆ ಇಳಿಯುವಾಗ ಬಿಡುವುದನ್ನು ಮರೆತು ಹೊಟ್ಟೆಯ ಮೇಲೆ ಇಳಿಸಿದೆ. ಶರಣ್ಯಾ ಪುಸ್ತಕ ಹಿಡಿದು ಒಂದೊಂದೇ ಕೇಳುತ್ತಿದ್ದಳು, ನಾನು ಗುಂಡಿಯನ್ನು ಕಣ್ಣಾರೆ ನೋಡಿ ಉತ್ತರ ಹೇಳಬೇಕು. ನಾನೋ ವ್ಯಾಪಾರದವನು. ಗಿರಾಕಿ ಕೇಳುವ ಮೊದಲೇ ಆಯಿತು, ಕಳಿಸಿದೆ, ಲಾರಿ ಬತ್ತಲಗುಂಡು ದಾಟಿತು ಎಂದು ಹೇಳಿ ರೂಢಿ. ಅವಳ ಪ್ರಶ್ನೆ ಮುಗಿಯುವ ಮೊದಲೇ ನಾನು ತಮಿಳಿನಲ್ಲಿ "ಆಚ್ಚು, ಆಚ್ಚು", ಅಂದರೆ ಆಯಿತು, ಆಯಿತು, ಎಂದುಬಿಡುತ್ತಿದ್ದೆ.

ಇಷ್ಟೆಲ್ಲ ಆದರೂ ನನ್ನ ಸಹಪೈಲಟ್ ಬಾಯಿ ಬಿಡಬೇಕಲ್ಲ. ಮೊದಮೊದಲು ತುಟಿಪಿಟಕ್ಕೆನ್ನದೆ ತಾನೇ ಕೈಚಾಚಿ ಗೋಡೆಯ ಮೇಲಿನ ಗುಂಡಿ ಒತ್ತಿ ಸರಿಮಾಡುತ್ತಿದ್ದಳು, ಥೇಟ್ ನಮ್ಮಮ್ಮ ಸಾರಿಗೆ ಉಪ್ಪು ಸರಿಮಾಡಿದ ಹಾಗೆ. ಹಾಗಲ್ಲ, ಬಾಯಲ್ಲಿ ಹೇಳಬೇಕು ಎಂದು ಗದರಿದ ಮೇಲೆ ಹೇಳತೊಡಗಿದಳು. ಹೇಗೆ ಅಂದರೆ, "ಅಪ್ಪಾ, ಕೋಪ ಮಾಡ್ಕಬೇಡ್ರಿ, ನಂಗೆ ಅಷ್ಟಾಗಿ ತಿಳೀದು, ನೀವು ಆಗ್ಲೇ ನೋಡಿರ್ತೀರಿ, ಆದ್ರೂ ಒಂದ್ಸಲ ಆ ಚಕ್ರ..." ವಿಮಾನದಲ್ಲಿ ಇಷ್ಟು ಮರ್ಯಾದೆಗೆ ವೇಳೆ ಎಲ್ಲಿದೆ? ಈ ಮಾತು ಮುಗಿಯುವಷ್ಟರಲ್ಲಿ ನಾವಿಬ್ಬರೂ ನೆಲಕ್ಕೆ ಬಡಿದು ಹತ್ತಿರದ ಊರಿನವರು ನೋಡಲು ಬಂದಿರುತ್ತಾರೆ. ಪುಸ್ತಕದ ಪ್ರಕಾರ ಅಲ್ಲಿ ಹೇಳಬೇಕಾದದ್ದು ಒಂದೇ ಪದ. ವೇಗ ತಪ್ಪಿದರೆ 'ಸ್ಪೀಡ್', ಚಕ್ರ ಮರೆತರೆ 'ಗೇರ್', ಅಷ್ಟೇ. ಸರ್ ಇಲ್ಲ, ಅಪ್ಪಾ ಇಲ್ಲ. ಎರಡು ಸಲ ಹೇಳಿದರೂ ಕ್ಯಾಪ್ಟನ್ನಿಂದ ಉತ್ತರ ಬರಲಿಲ್ಲ ಅಂದರೆ, ಆತನಿಗೆ ಏನೋ ಆಗಿದೆ ಎಂದು ತಿಳಿದು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಇದನ್ನು ಓದಿದ ದಿನ ನನಗೇ ಸ್ವಲ್ಪ ಹೆದರಿಕೆಯಾಯಿತು. ಎರಡು ಸಲ ಕರೆದರೆ ಉತ್ತರ ಕೊಡದಿರುವುದು ನಮ್ಮ ಕಡೆಯ ಯಜಮಾನರಿಗೆಲ್ಲ ಹುಟ್ಟುಗುಣ. ಆ ಲೆಕ್ಕದಲ್ಲಿ ನಮ್ಮೆಲ್ಲರ ಕೈಯಿಂದಲೂ ಸಂಸಾರವನ್ನು ಎಂದೋ ಕಸಿದುಕೊಂಡಿರಬೇಕಿತ್ತು.

ಈ ತರಬೇತಿಯಿಂದ ನಿಜವಾಗಿ ಲಾಭ ಆದದ್ದು ನನ್ನ ಹೆಂಡತಿಗೆ. ಅವಳು ಅಡಿಗೆಮನೆಯಲ್ಲಿ ಕೂತು ಸಣ್ಣ ಈರುಳ್ಳಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹದಿನೈದನೆಯ ದಿನ ನಾನು ಚಕ್ರ ಬಿಡದೆ ಇಳಿಯುತ್ತಿದ್ದೆ, ಶರಣ್ಯಾ ಇನ್ನೂ "ಕೋಪ ಮಾಡ್ಕಬೇಡ್ರಿ" ಎಂಬಲ್ಲೇ ಇದ್ದಳು. ಒಳಗಿನಿಂದ "ಗೇರ್" ಎಂದು ಒಂದು ಸದ್ದು ಬಂತು. ನಾನು ಬೆಚ್ಚಿ ಚಕ್ರ ಬಿಟ್ಟೆ. ಮೂವತ್ತು ವರ್ಷ ನನ್ನ ಹೆಸರು ಹೇಳದೆ "ಶರಣ್ಯಾ ಅಪ್ಪಾ, ಕೇಳ್ತಾ ಇದೀರಾ" ಎಂದು ದೂರದಿಂದ ಮಾತು ಶುರುಮಾಡುತ್ತಿದ್ದ ಹೆಂಗಸು ಅವತ್ತಿನಿಂದ ಒಂದೊಂದು ಪದದ ಮೇಲೆ ನಿಂತುಬಿಟ್ಟಳು. ನಾಲ್ಕನೆಯ ಇಡ್ಲಿಗೆ ಕೈ ಹಾಕಿದರೆ "ಸಕ್ಕರೆ." ಟಿವಿಯ ಸದ್ದು ಹೆಚ್ಚಿಸಿದರೆ "ಕಿವಿ." ಒಂದು ದಿನ ನಾನು ಉತ್ತರ ಕೊಡಲಿಲ್ಲ. ಎರಡು ಸಲ ಹೇಳಿ ರಿಮೋಟನ್ನು ಕೈಯಿಂದ ತೆಗೆದುಕೊಂಡಳು. ಕಂಪನಿಯವರು ಅವಳನ್ನು ಆರಿಸಿದ್ದರೆ ನಮ್ಮ ಚಿಂತೆ ಅಂದೇ ಮುಗಿಯುತ್ತಿತ್ತು.

ಮೂವತ್ತೈದು ದಿನ ಕಳೆಯಿತು. ಶರಣ್ಯಾಗೆ ಪಟ್ಟಿಯಲ್ಲಿದ್ದುದೆಲ್ಲ ಬಾಯಿಪಾಠವಾಯಿತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅಂಕಿ ತಪ್ಪುತ್ತಿರಲಿಲ್ಲ. ಬಾಯಿ ಮಾತ್ರ ಇದ್ದಲ್ಲೇ ಇತ್ತು. ಒಂದು ಸಂಜೆ ನಾನು ನೂರಾರು ಜನರನ್ನು ಕೂರಿಸಿಕೊಂಡು ನೇರ ಮೇಘಮಲೆಗೆ ಗುದ್ದಿದ ಮೇಲೆ ಅವಳು ಪುಸ್ತಕ ಮಡಚಿಟ್ಟು ಅತ್ತುಬಿಟ್ಟಳು. "ನಂಗೆ ತಿಳೀತದಪ್ಪಾ, ಎಲ್ಲ ಕಾಣ್ತದೆ. ನಿಮ್ಮ ಮುಖ ನೋಡಿದ್ರೆ ಮಾತು ಗಂಟಲಲ್ಲೇ ನಿಂತೋಗ್ತದೆ. ಅಲ್ಲೂ ಇಂಗೇ ಆದ್ರೆ ಎನ್ನ ಸೆಯ್ಯುರದು?" ಎಂದಳು. ದುಃಖ ಜಾಸ್ತಿಯಾದರೆ ನಮ್ಮಲ್ಲಿ ಕೊನೆಯ ಪದಗಳು ತಮಿಳಿಗೆ ಹೋಗಿಬಿಡುತ್ತವೆ. ಏನು ಮಾಡುವುದು ಎಂದು ನನಗೂ ತಿಳಿಯಲಿಲ್ಲ. ಇಷ್ಟು ಕಷ್ಟಪಟ್ಟು ಓದಿದ ಹುಡುಗಿ ನಾವು ಕಲಿಸಿದ ಮರ್ಯಾದೆಯ ದೆಸೆಯಿಂದ ಮನೆಗೆ ವಾಪಸ್ ಬರುವುದೇ? "ಸರಿಯಾಗ್ತದೆ, ನನ್ ಕಣ್ಣೇ, ಸುಮ್ಮನಿರು" ಎಂದೆ. ಸುಮ್ಮನಿರುವುದೇ ಅವಳ ರೋಗ ಎಂಬುದು ಹೇಳಿದ ಮೇಲೆ ಹೊಳೆಯಿತು.

ಹೊರಡಲು ಎರಡು ದಿನ ಇದ್ದಾಗ ಅಣ್ಣ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದರು. ನಮ್ಮ ಮನೆಯಿಂದ ಯಾರೇ ದೊಡ್ಡ ಕೆಲಸಕ್ಕೆ ಹೊರಟರೂ ತೋಟದ ಗುಡಿಯಲ್ಲಿರುವ ಅಮ್ಮನವರಿಗೆ ಪೊಂಗಲ್ ಇಟ್ಟು ಕೈಮುಗಿದು ಬರುವುದು ಪದ್ಧತಿ. ಬೆಳಿಗ್ಗೆ ಹೋದೆವು, ಪೂಜೆಯಾಯಿತು, ಊಟವಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಬೋಡಿಮೆಟ್ಟಿನಿಂದ ಇಳಿಯತೊಡಗಿದೆವು. ಜೀಪು ಓಡಿಸುತ್ತಿದ್ದವರು ಅಣ್ಣ. ಅವರ ಪಕ್ಕದಲ್ಲಿ ಶರಣ್ಯಾ. ಹಿಂದೆ ಎದುರುಬದುರು ಬೆಂಚಿನಲ್ಲಿ ನಾನು, ನನ್ನ ಹೆಂಡತಿ, ನಡುವೆ ಏಲಕ್ಕಿ ಮೂಟೆ. ಮಂಜು ಇತ್ತು, ಆದರೆ ಭಾರಿ ಏನಲ್ಲ. ಅಣ್ಣ ಆ ರಸ್ತೆಯಲ್ಲಿ ನಲವತ್ತೈದು ವರ್ಷ ಓಡಾಡಿದವರು, ಒಂದೊಂದು ತಿರುವನ್ನೂ ಮನೆಯವರ ಹಾಗೆ ಬಲ್ಲವರು.

ಅಣ್ಣನಿಗೆ ಒಂದು ಅಭ್ಯಾಸ. ಇಳಿಜಾರು ಬಂದ ಕೂಡಲೇ ಗೇರು ತೆಗೆದು ನ್ಯೂಟ್ರಲ್‌ಗೆ ಹಾಕಿ, ಬರೀ ಬ್ರೇಕಿನ ಮೇಲೆ ಜೀಪನ್ನು ಉರುಳಲು ಬಿಡುತ್ತಾರೆ. ಡೀಸೆಲ್ ಉಳಿಯುತ್ತದಂತೆ. ಹಾಗೆ ಇಳಿದರೆ ಬ್ರೇಕು ಕಾದು ಹಿಡಿಯದೇ ಹೋಗುತ್ತದೆ ಎಂದು ಬೋಡಿಯ ಯಾವ ಡ್ರೈವರನ್ನು ಕೇಳಿದರೂ ಹೇಳುತ್ತಾನೆ. ಅಣ್ಣನಿಗೆ ಹೇಳುವವರು ಯಾರು? ನಾವು ಇಪ್ಪತ್ತು ವರ್ಷದಿಂದ ಹಿಂದೆ ಕೂತು ಬೆಂಚಿನ ಅಂಚು ಹಿಡಿದು ಮನೆದೇವರನ್ನು ನೆನೆಯುತ್ತ ಇಳಿಯುತ್ತಿದ್ದೇವೆ. ಅವತ್ತೂ ಎರಡು ತಿರುವು ಕಳೆದ ಮೇಲೆ ಎಂಜಿನ್ನಿನ ಸದ್ದು ಸಣ್ಣದಾಯಿತು. ನಾನು ಅಂಚು ಹಿಡಿದೆ. ಅಣ್ಣ ಈ ಸಲದ ಕಾಯಿ ಹೇಗೆ ಬಂದಿದೆ ಎಂದು ಹೇಳುತ್ತಿದ್ದರು. ಇನ್ನೂ ಮೂರು ತಿರುವು ಕಳೆಯಿತು. ಸುಟ್ಟ ವಾಸನೆ ಬಂತು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಗಂಡನ ಅಣ್ಣ ಎಂಬ ಮರ್ಯಾದೆ, ಭಾವನ ಎದುರು ಅವಳ ಒಂದು ಪದವೂ ಹೊರಡುವುದಿಲ್ಲ. ನಾನು ಹೊರಗೆ ಕಣಿವೆ ನೋಡಿದೆ.

"ದೊಡ್ಡಪ್ಪಾ, ಗೇರ್" ಎಂದಳು ಶರಣ್ಯಾ.

ಅಣ್ಣ ಕಾಯಿಯ ಬಣ್ಣದ ವಿಷಯಕ್ಕೆ ಬಂದಿದ್ದರು. ಕೇಳಲಿಲ್ಲವೋ, ಕೇಳಿಯೂ ಕೇಳದ ಹಾಗಿದ್ದರೋ. ಜೀಪು ಓಡುತ್ತಿತ್ತು. ಅವರ ಕಾಲು ಬ್ರೇಕನ್ನು ಒತ್ತಿತು, ಮತ್ತೆ ಒತ್ತಿತು, ಎರಡನೆಯ ಸಲ ಪೂರ್ತಿ ಕೆಳಗೆ ಹೋದದ್ದು ನನಗೆ ಹಿಂದಿನಿಂದಲೇ ಕಾಣಿಸಿತು.

"ಗೇರ್. ಸ್ಪೀಡ್."

ಈ ಸಲ ದೊಡ್ಡಪ್ಪಾ ಇಲ್ಲ. ಅಣ್ಣನ ಮಾತು ನಿಂತಿತು, ಕೈ ಸ್ಟೀರಿಂಗಿನ ಮೇಲೆ ಗಟ್ಟಿಯಾಯಿತು, ಉತ್ತರ ಬರಲಿಲ್ಲ. ಶರಣ್ಯಾ ಗೇರಿನ ಮೇಲೆ ಕೈಯಿಟ್ಟು "ಕ್ಲಚ್" ಎಂದಳು. ಎಪ್ಪತ್ತು ವರ್ಷದ ನಮ್ಮಣ್ಣನ ಕಾಲು, ಯಾರ ಮಾತನ್ನೂ ಕೇಳದ ಕಾಲು, ಕ್ಲಚ್ಚನ್ನು ಒತ್ತಿತು. ಅವಳು ಮೂರನೆಯ ಗೇರಿಗೆ ತಳ್ಳಿದಳು. ಜೀಪು ಕೂಗಿಕೊಂಡು ನಡುಗಿತು. "ಇನ್ನೊಂದ್ಸಲ, ಕ್ಲಚ್." ಎರಡನೆಯ ಗೇರು. "ಹ್ಯಾಂಡ್ ಬ್ರೇಕ್ ನಾ ಎಳೀತೀನಿ, ನೀವು ಸ್ಟೀರಿಂಗ್ ಮಾತ್ರ ನೋಡ್ರಿ." ಮುಂದಿನ ತಿರುವಿಗೆ ಮೊದಲು ರಸ್ತೆ ಅಗಲವಾಗುವ ಕಡೆ ಜೀಪು ಗುಡ್ಡದ ಮಗ್ಗುಲಿಗೆ ಉಜ್ಜಿಕೊಂಡು ನಿಂತಿತು. ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ ಬರುತ್ತಿತ್ತು.

ಎಲ್ಲರೂ ಇಳಿದೆವು. ಜೀವ ಉಳಿಯಿತು ಎಂಬ ಸಮಾಧಾನಕ್ಕಿಂತ ಈಗ ಅಣ್ಣ ಏನನ್ನುತ್ತಾರೋ ಎಂಬ ಹೆದರಿಕೆಯೇ ನನಗೆ ಹೆಚ್ಚಾಗಿತ್ತು ಎಂದರೆ ನೀವು ನಂಬಬೇಕು. ಅಣ್ಣ ಚಕ್ರದ ಸುತ್ತ ಒಂದು ಸುತ್ತು ಬಂದರು, ರಸ್ತೆ ಬದಿಯ ಕಟ್ಟೆಯ ಮೇಲೆ ಕೂತರು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಶರಣ್ಯಾಳನ್ನು ಕರೆದು, "ಎಪ್ಪೋದಿಂದ ತಿಳಿದಿತ್ತು ನಿಂಗೆ, ನಾ ಮಾಡೋದು ತಪ್ಪು ಅಂತ?" ಎಂದು ಕೇಳಿದರು. ದನಿಯಲ್ಲಿ ಕೋಪ ಇರಲಿಲ್ಲ.

"ವಂಡಿ ಓಡಿಸೋ ಲೈಸೆನ್ಸ್ ತಕ್ಕೊಂಡಾಗಿಂದ ತಿಳೀತದೆ ದೊಡ್ಡಪ್ಪಾ. ಹೇಳಕ್ಕೆ ಇವತ್ತು ಬಂತು."

ಅಣ್ಣ ತಲೆಯಾಡಿಸಿದರು. ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ನಲವತ್ತೈದು ವರ್ಷ ಇಂಗೇ ಇಳೀತಿದೀನಿ. ಎಲ್ಲರನ್ನೂ ಕೂರಿಸ್ಕೊಂಡು. ನಿಂಗೆ ಇದು ತಿಳಿದಿತ್ತೇನಪ್ಪಾ?"

ಕಣಿವೆ ಮಂಜಿನಲ್ಲಿ ಕಾಣಿಸುತ್ತಿರಲಿಲ್ಲ, ಆದರೂ ಆ ಕಡೆ ನೋಡಿದೆ. ಗೊತ್ತಿತ್ತು ಎಂದರೆ ಅಣ್ಣನಿಗೆ ಎದುರಾಡಿದ ಹಾಗೆ. ಗೊತ್ತಿದ್ದೂ ಇಪ್ಪತ್ತು ವರ್ಷ ಹೆಂಡತಿ ಮಗಳನ್ನು ಈ ಜೀಪಿನಲ್ಲಿ ಕೂರಿಸಿದೆ ಎಂದು ಒಪ್ಪಿಕೊಂಡ ಹಾಗೆ.

"ಇಲ್ಲೆ ಅಣ್ಣಾ" ಎಂದೆ. "ನಂಗೆ ವಂಡಿ ವಿಷಯ ಏನ್ ತಿಳೀತದೆ?"

"ಸುಳ್ಳು" ಎಂದಳು ಶರಣ್ಯಾ.

ಒಂದೇ ಪದ. ಅಪ್ಪಾ ಇಲ್ಲ, ಕೋಪ ಮಾಡ್ಕಬೇಡ್ರಿ ಇಲ್ಲ. ನನ್ನ ಮುಖವನ್ನೇ ನೋಡಿ, ಅಣ್ಣನ ಎದುರಿಗೆ, ಗಡಿಯಾರದ ಮುಳ್ಳು ತಪ್ಪಿದ್ದನ್ನು ಹೇಳುವಷ್ಟು ಶಾಂತವಾಗಿ ಹೇಳಿದಳು. ಹೇಳಿ ಉತ್ತರಕ್ಕೆ ಕಾದಳು. ಎರಡನೆಯ ಸಲ ಹೇಳಿಸಿಕೊಳ್ಳುವುದು ಬೇಡ ಎನಿಸಿ "ತಿಳಿದಿತ್ತಣ್ಣಾ" ಎಂದೆ.

ಅಣ್ಣ ಬ್ರೇಕು ಆರಿದ ಮೇಲೆ ಎದ್ದು ಕೀಲಿಯನ್ನು ಶರಣ್ಯಾ ಕೈಗೆ ಕೊಟ್ಟು ತಾವು ಅವಳ ಪಕ್ಕದಲ್ಲಿ ಕೂತರು. ನಾನು ಹಿಂದೆ ಹತ್ತಿ ಮೂಟೆಗೆ ಒರಗಿದೆ. ಉಳಿದ ತಿರುವುಗಳನ್ನೆಲ್ಲ ಅವಳು ಎರಡನೆಯ ಗೇರಿನಲ್ಲಿ ಇಳಿಸಿದಳು. ನನಗೆ ನಾಚಿಕೆ ಎಷ್ಟಾಗಿತ್ತೋ ಸಂತೋಷ ಅದರ ಎರಡರಷ್ಟಾಗಿತ್ತು. ಇನ್ನು ಯಾವ ಕ್ಯಾಪ್ಟನ್ ಪಕ್ಕದಲ್ಲಿ ಕೂರಿಸಿದರೂ ನನ್ನ ಮಗಳು ಬಾಯಿ ಬಿಡುತ್ತಾಳೆ. ಅಣ್ಣಾ, ನಮ್ಮ ಹುಡುಗಿ ಗೆದ್ದಳು ಎಂದು ಗಟ್ಟಿಯಾಗಿ ಹೇಳಬೇಕು ಅನ್ನಿಸಿತು. ಮುಂದೆ ಕೂತಿದ್ದ ಅಣ್ಣನ ಕತ್ತು ಬಿಗಿದುಕೊಂಡಿತ್ತು. ಊರು ಬರಲಿ, ಆಮೇಲೆ ನೋಡೋಣ ಎಂದು ಸುಮ್ಮನಾದೆ.